ತಟ್ಟೆ ತೊಳೆದ ನೀರು

ಮದುವೆಯಾಗಿ ಈ ಮನೆಗೆ ಬಂದ ಮೊದಲ ದಿನವೇ ನಾನು ಊಟದ ತಟ್ಟೆಯಲ್ಲಿ ಕೈ ತೊಳೆದು ಮಾವನವರ ಕಣ್ಣಿಗೆ ಬಿದ್ದೆ. ಅವರು ಬೈಯಲಿಲ್ಲ. ಅಂಚಿನಲ್ಲಿ ನಾನು ಬಿಟ್ಟಿದ್ದ ಒಂದು ಹಿಡಿ ಅನ್ನ ಕೈ ತೊಳೆದ ನೀರಿನಲ್ಲಿ ನೆನೆಯುತ್ತಿರುವುದನ್ನು ನೋಡಿ, "ಪ್ರಸಾದ ಕಣಮ್ಮ ಅದು," ಎಂದು ಎದ್ದು ಹೋದರು. ಬೈಸಿಕೊಂಡಿದ್ದರೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ನಾವೂ ಲಿಂಗ ಕಟ್ಟಿಕೊಳ್ಳುವವರೇ. ಆದರೆ ತರೀಕೆರೆಯ ನಮ್ಮ ತವರು ಅಂಗಡಿ ವ್ಯಾಪಾರದ ಮನೆ. ಗಿರಾಕಿ ಕರೆದರೆ ಅರ್ಧ ಊಟಕ್ಕೇ ಏಳುವವರು. ಅಜ್ಜಂಪುರದ ಹತ್ತಿರದ ಈ ಮನೆ ಹಾಗಲ್ಲ. ಮಾವನವರು ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವರು. ಇಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹೋಗುವುದಿಲ್ಲ, ತಟ್ಟೆಗೆ ಬಂದದ್ದು ತಟ್ಟೆಯಲ್ಲಿ ಉಳಿಯುವುದಿಲ್ಲ. ಊಟ ಮುಗಿದ ಮೇಲೆ ಬೆರಳಿನಿಂದ ತಟ್ಟೆ ಬಳಿದು, ಒಂದಿಷ್ಟು ನೀರು ಹಾಕಿ, ಸುತ್ತ ತಿರುಗಿಸಿ, ಆ ನೀರನ್ನೂ ಕುಡಿಯಬೇಕು. ಮೊದಮೊದಲು ನನಗೆ ವಾಕರಿಕೆ ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲಾಮೇಲೆ ತವರಿಗೆ ಹೋದಾಗ ತಮ್ಮಂದಿರ ತಟ್ಟೆ ನೋಡಿ ಮೂಗು ಮುರಿಯುವಷ್ಟು ಜಂಬವೂ ಬಂತು.

ಹೀಗಾಗಿ ಈ ಮನೆಯಲ್ಲಿ ಯಾರಿಗೆ ಹೊಟ್ಟೆ ತುಂಬಿತು, ಯಾರಿಗೆ ಇಲ್ಲ ಎಂದು ಬಾಯಿಬಿಟ್ಟು ಕೇಳುವ ರೂಢಿಯೇ ಇಲ್ಲ. ತಟ್ಟೆ ನೋಡುತ್ತಾರೆ. ಬರಿದಾಗಿದ್ದರೆ ಉಂಡಿದ್ದಾರೆ. ಜ್ವರ ಬಂದವರು, ಮುನಿಸಿಕೊಂಡವರು, ಪರೀಕ್ಷೆಗೆ ಹೆದರಿದವರು, ಎಲ್ಲರ ಸಮಾಚಾರವನ್ನೂ ಅತ್ತೆ ಬಚ್ಚಲ ಬಳಿಯ ತಟ್ಟೆ ನೋಡಿಯೇ ಹೇಳುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು ಮಾವನವರ ಬಾಯಲ್ಲಿ ದಿನಕ್ಕೊಮ್ಮೆ ಬರುವ ಗಾದೆ. ಜಗಳದ ವಿಷಯದಲ್ಲಿ ನಾನು ಆ ಗಾದೆಯನ್ನು ಆಗಾಗ ಸುಳ್ಳು ಮಾಡಿದ್ದೇನೆ. ರೋಗದ ವಿಷಯದಲ್ಲಿ ಅದನ್ನು ಸುಳ್ಳು ಮಾಡಿದವಳು ನನ್ನ ನಾದಿನಿ.

ನಾನು ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ನಮ್ಮನೆಯವರಿಗೂ ಅವರ ತಂಗಿಗೂ ವಯಸ್ಸಿನಲ್ಲಿ ಬಹಳ ಅಂತರ. ಅವಳ ಜಡೆ ಹೆಣೆದದ್ದು, ಹೇನು ತೆಗೆದದ್ದು, ಕಡೂರಿನ ಕಾಲೇಜಿಗೆ ಸೇರಿಸಲು ಮಾವನವರ ಹತ್ತಿರ ವಾದ ಮಾಡಿದ್ದು ನಾನೇ. ಅವಳು ಗಣಿತ ಓದಿ, ಅದೇ ಕಡೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ದಿನಾ ಬೆಳಗ್ಗೆ ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರು ದಾಟಿ ಕಡೂರಲ್ಲಿ ಇಳಿಯುವುದು. ಸಂಜೆ ಹಾಗೇ ವಾಪಸ್ಸು. ಬೆಳಗ್ಗೆ ತಿಂಡಿಗೆ ಕರೆದರೆ, "ಟೈಮಾಯ್ತು ಅತ್ಗೆ, ಕಡೂರಲ್ಲಿ ಇಡ್ಲಿ ತಿಂತೀನಿ," ಎನ್ನುತ್ತಿದ್ದಳು. ಸಂಜೆ ಬಂದಾಗ, "ಸ್ಟಾಫ್ ರೂಮಲ್ಲಿ ಯಾರದೋ ಬರ್ತ್‌ಡೇ, ಹೊಟ್ಟೆ ಭಾರ ಆಗಿದೆ," ಎನ್ನುತ್ತಿದ್ದಳು. ಆ ಸ್ಟಾಫ್ ರೂಮಿನಲ್ಲಿ ಎಷ್ಟು ಜನ ಇದ್ದರೋ, ವರ್ಷವಿಡೀ ಹುಟ್ಟುತ್ತಲೇ ಇದ್ದರು. ಅವಳು ತೆಳ್ಳಗಿದ್ದಳು, ನಿಜ. ಓಡಾಡುವ ಹುಡುಗಿ, ತೆಳ್ಳಗಿರದೆ ಇನ್ನೇನು ಎಂದುಕೊಂಡಿದ್ದೆವು.

ಕೊರೊನಾ ಬಂತು, ರೈಲು ನಿಂತಿತು. ನಮಗೆಲ್ಲ ನಿಂತದ್ದು ರೈಲು ಮಾತ್ರ. ಅವಳಿಗೆ ಅದರ ಜೊತೆಗೆ ಕಡೂರಿನ ಇಡ್ಲಿಯೂ, ಸ್ಟಾಫ್ ರೂಮಿನ ಕೇಕೂ ಒಂದೇ ದಿನ ಇಲ್ಲವಾದವು. ಇನ್ನು ಮೂರು ಹೊತ್ತೂ ಮನೆಯಲ್ಲಿ, ನಾಲ್ಕು ಜನರ ಕಣ್ಣೆದುರು. ಇದು ಅವಳಿಗೆ ಎಂಥ ಸೆರೆಯಾಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ. ಮನೆ ತುಂಬಿತಲ್ಲ ಎಂದು ನಾವು ಸಂತೋಷದಲ್ಲಿದ್ದೆವು. ಆ ದಿನಗಳಲ್ಲಿ ಎಲ್ಲರ ಮನೆಯಂತೆ ನಮ್ಮ ಮನೆಯಲ್ಲೂ ಒಲೆ ಆರುತ್ತಲೇ ಇರಲಿಲ್ಲ. ಹೊರಗೆ ಹೋಗುವಂತಿಲ್ಲ, ಮಾಡಲು ಬೇರೆ ಕೆಲಸವಿಲ್ಲ. ಒಂದು ದಿನ ಹೋಳಿಗೆ, ಒಂದು ದಿನ ನಿಪ್ಪಟ್ಟು, ಒಂದು ದಿನ ಕೋಡುಬಳೆ. ಜಗತ್ತು ಮುಳುಗುತ್ತದೆ ಎಂದು ಟಿವಿ ಹೇಳುವುದು, ನಾವು ಅದನ್ನು ನೋಡುತ್ತಾ ಕೋಡುಬಳೆ ಮುರಿಯುವುದು.

ಅವಳು ಅಡುಗೆಗೆ ಬಂದು ನಿಂತಳು. ಅದುವರೆಗೆ ಒಗ್ಗರಣೆ ಹಾಕಲು ಬಾರದವಳು ಫೋನು ನೋಡಿ ಏನೇನೋ ಮಾಡಿ ನಮಗೆ ತಿನ್ನಿಸಿದಳು. ಊಟದ ಹೊತ್ತಿಗೆ, "ಇಷ್ಟು ವರ್ಷ ನೀವೇ ಬಡಿಸಿದೀರ ಅತ್ಗೆ, ಈಗ ಅವ್ವನ ಜೊತೆ ಕೂತ್ಕೊಳಿ, ನಾನು ಬಡಿಸ್ತೀನಿ," ಎಂದು ನನ್ನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದಳು. ಬಡಿಸಿದವರು ಕಡೆಗೆ ಉಣ್ಣುವುದು ನಮ್ಮ ಹೆಂಗಸರ ಪದ್ಧತಿ. ಈ ಮನೆಗೆ ಬಂದ ಮೇಲೆ ನಾನು ಆವಿಯಾಡುವ ಮುದ್ದೆ ಉಂಡದ್ದು ಆಗಲೇ. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಅವಳು ಒಬ್ಬಳೇ ಕೂತು ಉಂಡು, ತೊಳೆದ ತಟ್ಟೆಯನ್ನು ಬೋರಲು ಹಾಕುತ್ತಿದ್ದಳು. ತಟ್ಟೆ ಬರಿದಾಗಿರುತ್ತಿತ್ತು. ಆ ಬೇಸಿಗೆಯಲ್ಲಿ ಹಸು ಒಂದಿಷ್ಟು ಹಾಲು ಜಾಸ್ತಿ ಕೊಟ್ಟಿತು. ಹಿಂಡಿ ಬದಲಾಯಿಸಿದ್ದಕ್ಕೆ ಎಂದು ನಮ್ಮನೆಯವರು ತಮ್ಮನ್ನು ತಾವೇ ಹೊಗಳಿಕೊಂಡರು.

ಮಧ್ಯಾಹ್ನ ಅವಳು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಪಾಠ ಮಾಡುತ್ತಿದ್ದಳು. ಒಂದು ದಿನ ಕಾಫಿ ಕೊಡಲು ಹೋದಾಗ ನೋಡಿದೆ, ಫೋನಿನ ಗಾಜಿನ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾಳೆ. ನನ್ನದೇ ಬೊಟ್ಟು, ದೊಡ್ಡ ಕೆಂಪು ಬೊಟ್ಟು. ಇದೇನೇ, ಫೋನಿಗೆ ಮುತ್ತೈದೆ ಭಾಗ್ಯ ಕೊಟ್ಟಿದೀಯಾ ಎಂದು ನಗಾಡಿದೆ.

"ಅಲ್ಲಿ ನನ್ನ ಮುಖ ಬರ್ತದೆ ಅತ್ಗೆ. ಪಾಠ ಮಾಡೋಷ್ಟು ಹೊತ್ತೂ ಅದನ್ನೇ ನೋಡ್ಬೇಕಾಗ್ತದೆ."

"ನಿನ್ನ ಮುಖಕ್ಕೇನಾಗಿದೆ?"

"ಎಷ್ಟು ಊದಿದೆ ನೋಡಿ," ಎಂದಳು.

ನಾನು ನೋಡಿದೆ. ಕೆನ್ನೆಯ ಮೂಳೆ ಎದ್ದಿತ್ತು, ಕಣ್ಣು ಒಳಗೆ ಹೋಗಿತ್ತು. ಅವಳು ತಮಾಷೆಗೆ ಹೇಳುತ್ತಿಲ್ಲ ಎಂದು ಗೊತ್ತಾಯಿತು. ಅವಳು ಕಾಣುತ್ತಿದ್ದ ಮುಖ ಆ ಕೋಣೆಯಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಫೋನಿನ ಆ ಕಡೆಯಿಂದ ಯಾವುದೋ ಹುಡುಗಿ "ಮಿಸ್" ಎಂದು ಕೂಗಿದಳು, ನಾನು ಕಾಫಿ ಲೋಟ ಇಟ್ಟು ಹೊರಗೆ ಬಂದೆ.

ಅಂದಿನಿಂದ ಗಮನಿಸತೊಡಗಿದೆ. ತೋಳಿನಲ್ಲಿ ರವಿಕೆ ಸಡಿಲ, ಬೇಸಿಗೆಯಲ್ಲೂ ಸ್ವೆಟರು, ಬಾಚಣಿಗೆ ತುಂಬ ಕೂದಲು. ಅತ್ತೆಗೆ ಹೇಳಿದರೆ, "ಯಾರ್ದೋ ಕಣ್ಣು ಬಿದ್ದೈತೆ," ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಮ್ಮನೆಯವರಿಗೆ ಹೇಳಿದರೆ, "ತಟ್ಟೆ ಖಾಲಿ ಮಾಡ್ತಾಳಲ್ಲೇ, ಇನ್ನೇನು ಬೇಕು ನಿಂಗೆ? ಮೈ ಪ್ರಕೃತಿ ಅದು," ಎಂದರು. ತಟ್ಟೆಯ ಮುಂದೆ ನನ್ನ ಕಣ್ಣಿನ ಸಾಕ್ಷಿ ನಡೆಯಲಿಲ್ಲ.

ಲಾಕ್‌ಡೌನ್ ಸಡಿಲವಾಗಿ ಬಸ್ಸು ಓಡಲು ಶುರುವಾದಾಗ ಯಗಟಿಯಿಂದ ಅತ್ತೆಯ ಅಕ್ಕ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಾದಿನಿಯನ್ನು ಕಂಡು ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಗುತ್ತಲೇ, "ಏನವ್ವಾ, ನಮ್ಮ ಹುಡುಗಿಗೆ ಹೊಟ್ಟೆಗೆ ಏನಾದ್ರೂ ಹಾಕ್ತೀಯೋ, ಬರೀ ಕೆಲಸ ಮಾಡಿಸ್ತೀಯೋ?" ಎಂದರು. ಆ ನಗುವಿನ ಒಳಗೆ ಏನಿದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅತ್ತಿಗೆಯಿರುವ ಮನೆಯಲ್ಲಿ ನಾದಿನಿ ಸೊರಗಿದರೆ ಊರಿಗೆ ಬೇರೆ ಕಾರಣವೇ ಬೇಡ. ಹಾಲಿನ ಡೈರಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುವುದು ಅಲ್ಲಿಂದ ಮುಂದೆ ಶುರುವಾಯಿತು. ಇಲ್ಲ ಕಣ್ರೀ, ಅವಳೇ ತಿನ್ನುತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಸುಮ್ಮನಿದ್ದರೆ ಉಪವಾಸ ಕೆಡವಿದವಳು, ಬಲವಂತ ಮಾಡಿದರೆ ಹಿಂಸೆ ಕೊಡುವವಳು. ಅತ್ತ ದರಿ, ಇತ್ತ ಪುಲಿ ಎನ್ನುವುದು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಸಿಟ್ಟು ಬಂತು. ನಾನು ಸಿಟ್ಟಿನವಳು, ಸುಳ್ಳೇಕೆ. ಮಾರನೆಯ ದಿನ ಸೌಟು ನಾನೇ ಹಿಡಿದೆ. ಅವಳನ್ನು ಎದುರಿಗೆ ಕೂರಿಸಿ ಮುದ್ದೆಯ ಮೇಲೆ ಮುದ್ದೆ ಇಟ್ಟು, ಬಸ್ಸಾರು ಸುರಿದು, ತುಪ್ಪ ಹಾಕಿ, "ಉಣ್ಣು," ಎಂದೆ. ಅವಳು ತಟ್ಟೆಯನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಬಾವಿಯ ಕಟ್ಟೆ ಮೇಲೆ ನಿಲ್ಲಿಸಿ ಹಾರು ಎಂದವರನ್ನು ನೋಡುವ ಹಾಗೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅಷ್ಟನ್ನೂ ನುಂಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೊನೆಗೆ ನೀರು ಹಾಕಿ ತಟ್ಟೆ ತಿರುಗಿಸಿ ಕುಡಿದಳು. ಅದಾದ ಮೇಲೆ ಎರಡು ದಿನ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಗೆದ್ದೆನೋ ಸೋತೆನೋ ನನಗೇ ತಿಳಿಯದೆ ಸೌಟನ್ನು ಅವಳ ಕೈಗೇ ವಾಪಸ್ಸು ಕೊಟ್ಟೆ.

ಎರಡನೆಯ ಅಲೆಯಲ್ಲಿ ಅವಳಿಗೆ ಜ್ವರ ಬಂತು. ಅಜ್ಜಂಪುರದ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ಪಾಸಿಟಿವ್ ಎಂದರು. ಅವಳೇ ಮುಂದಾಗಿ, "ಅಪ್ಪಂಗೆ ವಯಸ್ಸಾಗಿದೆ. ನಾನು ತೋಟದ ರೂಮಲ್ಲಿ ಇರ್ತೀನಿ," ಎಂದಳು. ಹಿತ್ತಲಿಗೆ ಹೊಂದಿಕೊಂಡೇ ನಮ್ಮ ತೆಂಗಿನ ತೋಟ; ಅದರಲ್ಲಿ ಬೋರ್‌ವೆಲ್ಲಿನ ಸ್ಟಾರ್ಟರ್ ಇರುವ ಒಂದು ಸಣ್ಣ ಕೋಣೆ. ಅಪ್ಪನ ಮೇಲೆ ಎಷ್ಟು ಕಾಳಜಿ ನೋಡು ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಾಳಜಿ ಇದ್ದದ್ದು ಸುಳ್ಳಲ್ಲ. ಆದರೆ ಆ ಕೋಣೆಗೆ ಹೋಗುವಾಗ ಅವಳ ಮುಖದಲ್ಲಿ ರಜೆ ಸಿಕ್ಕ ಮಕ್ಕಳ ಗೆಲುವಿತ್ತು.

ದಿನಾ ಮೂರು ಹೊತ್ತು ನಾನು ತಟ್ಟೆ ಒಯ್ಯುತ್ತಿದ್ದೆ. ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುವುದು, ಅವಳು ಬಂದು ತೆಗೆದುಕೊಂಡು ಒಳಗೆ ಹೋಗುವುದು. ಮತ್ತೆ ಹೋದಾಗ ತೊಳೆದ ತಟ್ಟೆ ಕಲ್ಲಿನ ಮೇಲೆ ಬಿಸಿಲಿಗೆ ಹೊಳೆಯುತ್ತಿರುತ್ತಿತ್ತು. ನಾನು ಹಿತ್ತಲ ಬಾಗಿಲು ದಾಟುವ ಮುಂಚೆಯೇ ಮಾವನವರು ಕೇಳುತ್ತಿದ್ದರು.

"ತಟ್ಟೆ?"

"ಬರಿದಾಗೈತೆ ಮಾವ."

"ಶಿವ ದೊಡ್ಡೋನು," ಎಂದು ಅವರು ಆಮೇಲೆ ತಾವು ಪೂಜೆಗೆ ಕೂರುತ್ತಿದ್ದರು. ಊರಿನಲ್ಲಿ ದಿನಕ್ಕೊಂದು ಸಾವಿನ ಸುದ್ದಿ. ಎರಡು ಬೀದಿ ಆಚೆ ನಮ್ಮನೆಯವರ ಜೊತೆ ಓದಿದವರೊಬ್ಬರು ಹೋಗಿಬಿಟ್ಟಿದ್ದರು, ಮಣ್ಣಿಗೆ ಹೋಗಲೂ ಬಿಡಲಿಲ್ಲ. ಇಂಥದ್ದರಲ್ಲಿ ನಮ್ಮ ಹುಡುಗಿ ಮೂರು ಹೊತ್ತೂ ತಟ್ಟೆ ಬರಿದು ಮಾಡುತ್ತಿದ್ದಾಳೆ ಎಂಬುದೊಂದೇ ನಮ್ಮ ಮನೆಯ ಧೈರ್ಯವಾಗಿತ್ತು. ನಾನೂ ನಂಬಿದೆ. ಕಂಡದ್ದನ್ನು ಮರೆತು ನಂಬಿದೆ. ರೋಗವೇ ಅವಳಿಗೆ ಹಸಿವು ಕಲಿಸಿತೇನೋ ಎಂದು ಕೂಡ ಒಂದು ದಿನ ಅಂದುಕೊಂಡೆ.

ಆ ವಾರ ಕರೆಂಟು ಸರಿಯಾಗಿ ಇರಲಿಲ್ಲ. ಒಂದು ಬೆಳಗ್ಗೆ ಬಂತು. ಮಾವನವರು ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ತೆಂಗಿನ ಪಾತಿಗಳಿಗೆ ನೀರು ತಿರುಗಿಸಲು ಹೋದರು. ಸ್ವಲ್ಪ ಹೊತ್ತಿಗೆ, "ಇಲ್ಲಿ ಬಾಮ್ಮ," ಎಂದು ಕರೆದದ್ದು ಕೇಳಿಸಿತು. ಆ ದನಿ ನನಗೆ ಗುರುತೇ ಸಿಗಲಿಲ್ಲ.

ತೋಟದ ಕೋಣೆಯ ಹಿಂದಿನ ತೆಂಗಿನ ಮರದ ಪಾತಿ ತುಂಬಿತ್ತು. ನೀರಿನ ಮೇಲೆ ಅನ್ನದ ಅಗುಳು ತೇಲುತ್ತಿದ್ದವು. ಒಂದೆರಡಲ್ಲ, ನೀರಿನ ಅಂಚಿಗೆಲ್ಲ ಬಿಳಿ ಕಟ್ಟಿತ್ತು. ಅಕ್ಕಿ ರೊಟ್ಟಿಯ ಚೂರುಗಳು ನೆನೆದು ದಪ್ಪವಾಗಿ ತಿರುಗುತ್ತಿದ್ದವು. ಸಡಿಲವಾದ ಮಣ್ಣಿನಡಿಯಿಂದ ರಾಗಿಯ ಬಣ್ಣ ಕದಡಿ ಮೇಲಕ್ಕೆ ಬರುತ್ತಿತ್ತು. ನಾನು ತಟ್ಟಿದ ರೊಟ್ಟಿ, ನಾನು ತೊಳಸಿದ ಮುದ್ದೆ. ಒಂದು ಹಿಡಿ ಅನ್ನಕ್ಕಾಗಿ ಹೊಸ ಸೊಸೆಯ ಮುಂದಿನಿಂದ ಎದ್ದು ಹೋಗಿದ್ದ ಮಾವನವರು ಈಗ ಆ ಪಾತಿಯ ಮುಂದೆ ನಿಂತಿದ್ದರು. ಕೊನೆಗೆ, "ಇಲಿ ಎಳ್ಕೊಂಡು ಬಂದಿರ್ಬೋದು," ಎಂದರು.

"ಇರ್ಬೋದು ಮಾವ," ಎಂದೆ.

ಅವರು ಗುದ್ದಲಿಯಿಂದ ಮಣ್ಣು ಎಳೆದು ನೀರನ್ನು ಪಕ್ಕದ ಪಾತಿಗೆ ತಿರುಗಿಸಿದರು. ಗುದ್ದಲಿ ಎರಡು ಸಲ ಕೈ ತಪ್ಪಿತು.

ನಾನು ಕೋಣೆಯ ಬಾಗಿಲಿಗೆ ಹೋದೆ. ಮಾಸ್ಕು ಹಾಕಿಕೊಂಡಿದ್ದೇನೋ ಇಲ್ಲವೋ ನೆನಪಿಲ್ಲ. ಅವಳು ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಬಿಸಾಕಿಲ್ಲ ಅತ್ಗೆ," ಎಂದಳು, ನಾನು ಬಾಯಿ ತೆರೆಯುವ ಮುಂಚೆ. "ಪ್ರಸಾದ ಅಲ್ವಾ, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಇಲ್ಲಿ ಹಸು ಇಲ್ಲ. ಕಣ್ಣಿಗೊತ್ಕೊಂಡು ಮಣ್ಣಿಗೆ ಹಾಕ್ತಿದ್ದೆ. ಮರಕ್ಕಾದ್ರೂ ಆಗ್ತದೆ ಅಂತ."

ಹಸು ಎಂದ ಕೂಡಲೇ ಹೋದ ಬೇಸಿಗೆಯ ಹಾಲು ನನಗೆ ಅರ್ಥವಾಯಿತು.

"ಮತ್ತೆ ಇಷ್ಟು ದಿನ ಹೊಟ್ಟೆಗೆ ಏನು ತಗೊಂಡೆ? ಜ್ವರ ಬಂದ ಮೈ ಇದು. ಸಾಯ್ಬೇಕಂತ ಮಾಡಿದೀಯಾ?" ನನ್ನ ದನಿ ತೋಟಕ್ಕೆಲ್ಲ ಕೇಳಿಸಿರಬೇಕು.

"ಮಜ್ಜಿಗೆ ಕುಡೀತಿದ್ದೆ. ಒಂದೊಂದ್ಸಲ ಎರಡು ತುತ್ತು." ಆಮೇಲೆ, ಇದನ್ನು ಹೇಳಿದರೆ ನನಗೆ ಸಮಾಧಾನವಾಗುತ್ತದೆ ಎನ್ನುವ ಹಾಗೆ, "ತಟ್ಟೆ ತೊಳೆದ ನೀರು ಮಾತ್ರ ಒಂದಿನಾನೂ ಬಿಟ್ಟಿಲ್ಲ ಅತ್ಗೆ. ಅಪ್ಪಂಗೆ ಸುಳ್ಳು ಹೇಳ್ದಂಗೆ ಆಗ್ಬಾರ್ದು ಅಂತ," ಎಂದಳು.

ನಾನು ಅಲ್ಲೇ ಚಪ್ಪಡಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವಳನ್ನು ಮುಟ್ಟುವಂತಿರಲಿಲ್ಲ. ಅವಳು ಬಾಗಿಲ ಒಳಗೆ, ನಾನು ಹೊರಗೆ, ಇಬ್ಬರೂ ಅತ್ತೆವು.

ಎರಡು ದಿನಕ್ಕೆ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬಿದ್ದಳು. ಬಾಡಿಗೆಗೆ ಒಂದು ಓಮ್ನಿ ಹಿಡಿದು ತರೀಕೆರೆಗೆ ಕರೆದುಕೊಂಡು ಹೋದೆವು. ನಮ್ಮ ತವರಿನ ಬೀದಿಯ ನರ್ಸಿಂಗ್ ಹೋಮು, ನಾನು ಹುಟ್ಟಿದಾಗಿನಿಂದ ನೋಡಿದ್ದು. ಅಂದು ಅದರ ಗೇಟಿನವರೆಗೂ ಜನ. ಒಳಗೆ ಆಕ್ಸಿಜನ್ನಿಗಾಗಿ ಒಬ್ಬರ ಕಾಲು ಒಬ್ಬರು ಹಿಡಿಯುತ್ತಿದ್ದರು. ನಮ್ಮ ಸರದಿ ಬಂದಾಗ ನರ್ಸು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, "ಆಕ್ಸಿಜನ್ ಚೆನ್ನಾಗಿದೆಯಲ್ಲ, ಏನು ತೊಂದ್ರೆ?" ಎಂದರು. ಊಟ ಮಾಡುತ್ತಿಲ್ಲ ಎಂದೆ. ಆ ತಾಯಿ ಎಷ್ಟು ದಿನದಿಂದ ಮನೆಗೆ ಹೋಗಿರಲಿಲ್ಲವೋ, ಕಣ್ಣು ಕೆಂಪಾಗಿತ್ತು. "ಉಸಿರಾಡೋಕಾಗ್ದೋರಿಗೇ ಬೆಡ್ ಇಲ್ಲ ಇಲ್ಲಿ. ಊಟ ಮಾಡಲ್ಲ ಅಂತ ಕರ್ಕೊಂಡು ಬಂದಿದೀರಲ್ಲಮ್ಮ," ಎಂದರು.

ಬದುಕಬೇಕೆಂದು ಬಾಯಿ ಬಾಯಿ ಬಿಡುತ್ತಿದ್ದವರ ನಡುವೆ ನಿಂತು, ನಮ್ಮವಳು ಅನ್ನ ಮುಟ್ಟುತ್ತಿಲ್ಲ ಎನ್ನಲು ನನಗೇ ನಾಚಿಕೆಯಾಯಿತು. ಅವಳಿಗೆ ನನಗಿಂತ ಹೆಚ್ಚು ಆಗಿರಬೇಕು. ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕಿಟಕಿಯ ಸರಳಿಗೆ ಬಾಟಲಿ ಕಟ್ಟಿ ಡ್ರಿಪ್ಸ್ ಹಾಕಿ, ಶಕ್ತಿಗೆ ಮಾತ್ರೆ ಬರೆದು ಕಳಿಸಿದರು. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಅವ್ರ ಜಾಗ ತಿಂದ್ಬಿಟ್ಟೆ ಅಲ್ವಾ ಅತ್ಗೆ."

ಅಲ್ಲಿಂದ ಬಂದ ಮೇಲೆ ಕೊರೊನಾ ನನ್ನನ್ನು ಹಿಡಿಯಿತು. ಅವಳು ಬೇರೆ ಇರಬೇಕಾದ ದಿನಗಳು ಮುಗಿದಿದ್ದವು. ಅವಳು ಮನೆಗೆ, ನಾನು ತೋಟದ ಕೋಣೆಗೆ. ಈಗ ತಟ್ಟೆ ಹೊತ್ತು ತರುವವಳು ಅವಳು. ನನಗೆ ವಾಸನೆ ಹೋಯಿತು, ರುಚಿ ಹೋಯಿತು. ಹುರುಳಿಕಾಳು ಸಾರಿಗೂ ಬಿಸಿನೀರಿಗೂ ವ್ಯತ್ಯಾಸವಿಲ್ಲ. ಮುದ್ದೆ ಗಂಟಲಲ್ಲಿ ಇಳಿಯದು. ಅವಳು ದೂರದಲ್ಲಿ ನಿಂತು, "ಎಲ್ಲಾ ಉಣ್ಬೇಕು ಅತ್ಗೆ, ಇಲ್ಲಾಂದ್ರೆ ಶಕ್ತಿ ಬರಲ್ಲ," ಎಂದು ಗದರುತ್ತಿದ್ದಳು. ಕಾಲಿನ ಮೇಲೆ ನಿಲ್ಲಲಾರದವಳು ನನಗೆ ಶಕ್ತಿಯ ಪಾಠ ಹೇಳುತ್ತಿದ್ದಳು.

ಆದರೂ ಒಂದು ಸಂತೋಷವಿತ್ತು. ಕೊನೆಗೂ ಅವಳ ಕಷ್ಟ ನನ್ನ ನಾಲಗೆಗೆ ಸಿಕ್ಕಿತು ಎಂದುಕೊಂಡೆ. ಒಂದು ಮಧ್ಯಾಹ್ನ ಹೇಳಿದೆ, "ಈಗ ಗೊತ್ತಾಯ್ತು ಕಣೇ ನಂಗೆ. ಮಣ್ಣು ತಿಂದಂಗೆ ಆಗ್ತದೆ. ಒಂದೊಂದು ತುತ್ತೂ ಶಿಕ್ಷೆ. ನಿಂಗೂ ಹಿಂಗೇ ಆಗ್ತಿತ್ತಾ?"

ಅವಳು ತಲೆ ಅಲ್ಲಾಡಿಸಿದಳು. "ನಂಗೆ ಹಂಗಾಗಲ್ಲ ಅತ್ಗೆ. ನೀವು ಒಗ್ಗರಣೆ ಹಾಕಿದ್ರೆ ಈ ಕೋಣೆವರೆಗೂ ಘಮ ಬರ್ತಿತ್ತು. ಬಾಯಲ್ಲಿ ನೀರೂರ್ತಿತ್ತು. ಯಾವ ದಿನ ಏನು ಸಾರು ಅಂತ ತಟ್ಟೆ ಬರೋಕೆ ಮುಂಚೆನೇ ಹೇಳ್ತಿದ್ದೆ."

"ಮತ್ಯಾಕೆ?"

"ಅದು ನಂಗೆ ಗೊತ್ತಿದ್ರೆ ನಿಮ್ಗೆ ಹೇಳ್ತಿರ್ಲಿಲ್ವಾ?"

ಎಂಥ ಹಸಿವಿನಲ್ಲಿ ಕೂತಿದ್ದಳು ನನ್ನ ಹುಡುಗಿ. ಹಸಿವೇ ಇಲ್ಲ ಎಂದುಕೊಂಡಿದ್ದಾಗ ನನಗೆ ಇಷ್ಟು ಸಂಕಟವಾಗಿರಲಿಲ್ಲ. ನನ್ನ ರುಚಿ ಒಂದು ತಿಂಗಳಲ್ಲಿ ಮರಳಿ ಬಂತು. ಬಂದ ದಿನ ಮೊದಲು ನಾಲಗೆಗೆ ತಾಗಿದ್ದು ಬೆಳ್ಳುಳ್ಳಿ ಖಾರ, ಸುಖವಾಗಬೇಕಿತ್ತು, ಆಗಲಿಲ್ಲ.

ಅವಳ ಕಾಲೇಜಿನ ಒಬ್ಬ ಮೇಡಮ್ಮು ಶಿವಮೊಗ್ಗದ ಮನಸ್ಸಿನ ಡಾಕ್ಟರೊಬ್ಬರನ್ನು ಗೊತ್ತು ಮಾಡಿ ಕೊಟ್ಟರು. ಆಗ ನೋಡುವುದೆಲ್ಲ ಫೋನಿನಲ್ಲೇ. ನಮ್ಮಲ್ಲಿ ಸಿಗ್ನಲ್ಲು ಸರಿಯಾಗಿ ಸಿಗುವುದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ. ಅವಳನ್ನು ನಡುವೆ ಕೂರಿಸಿ ನಾವೆಲ್ಲ ಸುತ್ತ ಕೂತೆವು. ಮದುವೆಯ ಮಾತುಕತೆಗೆ ಕೂತ ಹಾಗೆ. ಡಾಕ್ಟರು ಹೇಗಿದೀರಮ್ಮ ಎಂದರು. ಚೆನ್ನಾಗಿದೀನಿ ಸಾರ್ ಎಂದಳು. ಊಟ? ಮಾಡ್ತೀನಿ ಸಾರ್. ಅಪ್ಪ ಎದುರಿಗೆ, ಅಣ್ಣ ಪಕ್ಕಕ್ಕೆ, ಪಾಪ ಇನ್ನೇನು ಹೇಳುತ್ತಾಳೆ. ಕೊನೆಗೆ ಡಾಕ್ಟರೇ ನಮ್ಮನ್ನೆಲ್ಲ ಕೆಳಗೆ ಕಳಿಸಿದರು. ನಾವು ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾದೆವು. ಮೇಲಿನಿಂದ ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಅಳು ಕೇಳಿಸಿತು.

ಆಮೇಲೆ ನಮ್ಮನ್ನು ಮತ್ತೆ ಮೇಲೆ ಕರೆಸಿ, ಇದು ಕಾಯಿಲೆ ಎಂದು ಡಾಕ್ಟರು ನಮ್ಮನೆಯವರಿಗೆ ಹೇಳಿದರು. ಹಟವಲ್ಲ, ಶೋಕಿಯಲ್ಲ. ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದದ ಹೆಸರನ್ನೂ ಹೇಳಿದರು. ಊಟ ಮಾಡದೇ ಇರೋದೂ ಒಂದು ಕಾಯಿಲೆನಾ ಎಂದು ಅತ್ತೆ ನನ್ನ ಮುಖ ನೋಡಿದರು. ಲಾಕ್‌ಡೌನ್ ತೆಗೆದ ಮೇಲೆ ಎದುರಿಗೆ ಬಂದು ತೋರಿಸಬೇಕು, ಬಹಳ ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಯಾರಾದರೂ ಜೊತೆಗೆ ಕೂತು ಉಣ್ಣಿ, ತೆಳ್ಳಗೆ ದಪ್ಪ ಎಂಬ ಮಾತೇ ಬೇಡ, ತಟ್ಟೆ ಖಾಲಿ ಮಾಡು ಎಂದು ಒತ್ತಾಯ ಬೇಡ ಎಂದರು. ಕೊನೆಯ ಮಾತು ಕೇಳಿದಾಗ ನಾವೆಲ್ಲ ಮಾವನವರ ಕಡೆ ನೋಡಿದೆವು. ಅವರು ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡು ತೋಟಕ್ಕೆ ಹೋಗಿಬಿಟ್ಟರು.

ಅಂದು ಊಟಕ್ಕೆ ಅವರು ಮಗಳನ್ನು ತಮ್ಮ ಪಕ್ಕ ಕೂರಿಸಿಕೊಂಡರು. ಅವಳು ಎರಡು ತುತ್ತು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು ಕೂತಳು. ಮಾವನವರು ಅವಳ ಕೈಯ ತುತ್ತನ್ನು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟರು. "ಸಾಕಾದ್ರೆ ಸಾಕು ಕಣವ್ವ. ಮಿಕ್ಕಿದ್ದು ತಟ್ಟೇಲೇ ಬಿಡು. ಶಿವ ಏನೂ ಅನ್ಕೊಳಲ್ಲ," ಎಂದರು. ಆಮೇಲೆ ತಮ್ಮ ತಟ್ಟೆಯಲ್ಲೂ ಒಂದು ಹಿಡಿ ಅನ್ನ ಬಿಟ್ಟು ಎದ್ದರು. ಆ ವಯಸ್ಸಿನವರೆಗೆ ಅವರು ಹಾಗೆ ಎದ್ದದ್ದಿಲ್ಲ. ಬಚ್ಚಲಲ್ಲಿ ಅವರು ಬಹಳ ಹೊತ್ತು ಬಾಯಿ ಮುಕ್ಕಳಿಸುತ್ತಿದ್ದದ್ದು ಕೇಳಿಸಿತು.

ಈಗ ರೈಲು ಓಡುತ್ತಿದೆ. ಕೊರೊನಾ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಅವಳು ಶಿವಮೊಗ್ಗಕ್ಕೆ ಹೋಗಿ ಬರುತ್ತಾಳೆ. ಕೆಲವು ತಿಂಗಳು ಮುಖ ತುಂಬಿಕೊಳ್ಳುತ್ತದೆ, ಕೆಲವು ತಿಂಗಳು ಇಳಿದುಹೋಗುತ್ತದೆ. ಯಾಕೆ ತುಂಬಿತು, ಯಾಕೆ ಇಳಿಯಿತು ಎಂದು ನನಗಂತೂ ತಿಳಿಯದು. ಒಂದು ಬದಲಾವಣೆ ಮಾತ್ರ ನಮ್ಮಲ್ಲಾಗಿದೆ. ಅವಳ ತಟ್ಟೆಯಲ್ಲಿ ಅನ್ನ ಉಳಿದಿದ್ದರೆ ಅತ್ತೆಯ ಮುಖ ಗೆಲುವಾಗುತ್ತದೆ. ಉಳಿದಿದೆ ಎಂದರೆ ಉಳಿದದ್ದನ್ನು ಬಿಟ್ಟು ಮಿಕ್ಕದ್ದು ಹೊಟ್ಟೆಗೆ ಹೋಗಿದೆ ಎಂದು ಲೆಕ್ಕ. ಬರಿದಾದ ತಟ್ಟೆ ಕಂಡರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಬೇರೆಯವರ ಮನೆಯಲ್ಲಿ ಈ ಮಾತು ಹೇಳಿದರೆ ನಮಗೇ ಚಿಕಿತ್ಸೆ ಕೊಡಿಸಿಯಾರು.

ಅವಳು ಮತ್ತೆ ಕಡೂರಿಗೆ ಹೊರಟಾಗ ನಾನೊಂದು ಕರಾರು ಹಾಕಿದೆ. ಡಬ್ಬಿ ಕಟ್ಟಿ ಕೊಡುತ್ತೇನೆ. ತಿನ್ನು, ಬಿಡು, ಒಂದು ಮಾತು ಕೇಳುವುದಿಲ್ಲ. ತೊಳೆಯದೆ ಹಾಗೇ ತಾ. ಅವಳು ನಕ್ಕು ಒಪ್ಪಿದಳು. ಅಂದಿನಿಂದ ದಿನಾ ಸಂಜೆ ಎಂಜಲು ಡಬ್ಬಿ ಬರುತ್ತದೆ. ಒಣಗಿದ ಚಿತ್ರಾನ್ನ, ಅರ್ಧ ರೊಟ್ಟಿ, ಮುಚ್ಚಳಕ್ಕೆ ಅಂಟಿದ ಚಟ್ನಿ. ಅದನ್ನು ತಿಕ್ಕುವಾಗ ನನಗಾಗುವ ನೆಮ್ಮದಿ ಯಾವ ಹಬ್ಬದಲ್ಲೂ ಆಗಿಲ್ಲ.

ನಿನ್ನೆ ಸಂಜೆ ಅವಳು ಬಂದು, ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಎತ್ತಿದೆ, ಹಗುರವಾಗಿತ್ತು. ಮುಚ್ಚಳ ತೆಗೆದೆ. ಒಳಗೆ ನೀರಿನ ಹನಿ ಇತ್ತು, ಡಬ್ಬಿ ಫಳಫಳ ಹೊಳೆಯುತ್ತಿತ್ತು.

"ಸ್ಟೇಷನ್ನಲ್ಲಿ ನಲ್ಲಿ ಬರ್ತಿತ್ತು ಅತ್ಗೆ, ತೊಳ್ಕೊಂಡೆ. ಎಲ್ಲಾ ತಿಂದೆ ಇವತ್ತು. ಚೆನ್ನಾಗಿತ್ತು," ಎಂದು ಒಳಗಿನಿಂದ ಹೇಳಿದಳು.

ನಿಜವಿರಬಹುದು. ಹಸಿದಿರಬಹುದು, ತಿಂದಿರಬಹುದು, ಸಂತೋಷಕ್ಕೆ ತೊಳೆದಿರಬಹುದು. ಡಬ್ಬಿಯನ್ನು ಮೂಗಿನ ಹತ್ತಿರ ತಂದು ನೋಡಿದೆ. ಯಾವ ವಾಸನೆಯೂ ಬರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಮಾವನವರು ನನ್ನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡುತ್ತಿದ್ದರು. ಡಬ್ಬಿಯನ್ನು ಗೂಡಿನಲ್ಲಿ ಬೋರಲು ಹಾಕಿದೆ. ಇವತ್ತು ಬೆಳಗ್ಗೆ ಎದ್ದು ಅದೇ ಡಬ್ಬಿಗೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಹಾಕಿ ಅವಳ ಕೈಗೆ ಕೊಟ್ಟೆ.